ಹವಳದ ದಿಬ್ಬದ ಚಿತ್ರಣಕ್ಕೆ ಯಾವ ವಿಧಾನ? ಕಲಬುರಗಿ ಕಡೆಯಿಂದ ಹೊರಡುವ ತಂಡಗಳಿಗೊಂದು ಹೋಲಿಕೆ

ಕಲಬುರಗಿ, ಬೀದರ್ ಅಥವಾ ಯಾದಗಿರಿಯಿಂದ ಹವಳದ ಅಧ್ಯಯನಕ್ಕೆ ಹೊರಡುವ ತಂಡಕ್ಕೆ ಎಲ್ಲಕ್ಕಿಂತ ದುಬಾರಿ ಬೀಳುವುದು ದೂರ. ಕರ್ನಾಟಕದೊಳಗೆ ನೀರಿಗಿಳಿದು ಹವಳ ನೋಡಬೇಕೆಂದರೆ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪಕ್ಕೆ ಹೋಗಬೇಕು. ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಕಲಬುರಗಿಗೆ ಅದಕ್ಕಿಂತ ಹತ್ತಿರ ಮಹಾರಾಷ್ಟ್ರದ ಮಾಲ್ವಣ. ಆದರೆ ಲಗೂನು (ದಿಬ್ಬದೊಳಗಿನ ಶಾಂತ ನೀರು), ದಿಬ್ಬದ ಅಂಚು, ಹೊರ ಇಳಿಜಾರು ಎಲ್ಲ ಇರುವ ಪೂರ್ಣ ದಿಬ್ಬ ಬೇಕಿದ್ದರೆ ಲಕ್ಷದ್ವೀಪವೋ ಮನ್ನಾರ್ ಕೊಲ್ಲಿಯೋ ಅಂಡಮಾನೋ ಆಗಬೇಕು. ಎಲ್ಲಿಗೆ ಹೋದರೂ ದೋಣಿ, ಸಿಲಿಂಡರ್, ವಸತಿ ಎಲ್ಲವೂ ದಿನದ ಲೆಕ್ಕ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮ ಕರಾವಳಿಯಲ್ಲಿ ಡೈವ್ ದೋಣಿ ಸಾಮಾನ್ಯವಾಗಿ ಹೊರಡುವುದಿಲ್ಲ.

ಹೀಗಾಗಿ ವಿಧಾನಗಳನ್ನು ಹೋಲಿಸುವಾಗ ಕ್ಯಾಮೆರಾದ ಮೆಗಾಪಿಕ್ಸೆಲ್ ನೋಡುವ ಮೊದಲು ಎರಡು ಪ್ರಶ್ನೆ ಕೇಳಬೇಕು. ಮುಂದಿನ ವರ್ಷ ಅದೇ ಜಾಗಕ್ಕೆ ಮರಳಿ, ಅದೇ ಹವಳವನ್ನು, ಅದೇ ಎತ್ತರದಿಂದ ತೆಗೆಯಲು ಬರುತ್ತದೆಯೇ? ಇದರಲ್ಲಿ ಎಷ್ಟು ಕೆಲಸವನ್ನು ಊರಲ್ಲೇ ಕುಳಿತು ಮುಗಿಸಬಹುದು? ಈ ಎರಡಕ್ಕೆ ಉತ್ತರ ಸಿಕ್ಕರೆ ಆಯ್ಕೆ ಅರ್ಧ ಮುಗಿದಂತೆ.

ಮೊದಲು ನಿಮ್ಮ ಪ್ರಶ್ನೆ ಯಾವುದು?

"ಹವಳದ ಮೇಲ್ವಿಚಾರಣೆ" ಎಂದು ಪ್ರಸ್ತಾವದಲ್ಲಿ ಬರೆಯುವುದು ಸುಲಭ. ಅದರೊಳಗೆ ಕನಿಷ್ಠ ನಾಲ್ಕು ಬೇರೆ ಬೇರೆ ಕೆಲಸಗಳಿವೆ. ಹವಳ, ಮರಳು, ಸಮುದ್ರ ಹುಲ್ಲು ಎಲ್ಲೆಲ್ಲಿವೆ ಎಂಬ ನಕ್ಷೆ ಒಂದು. ತಳದ ಶೇಕಡಾ ಎಷ್ಟು ಭಾಗ ಜೀವಂತ ಹವಳ ಎಂಬ ಅಂದಾಜು ಇನ್ನೊಂದು. ಗುರುತು ಮಾಡಿದ ಒಂದೊಂದೇ ಹವಳ ಬೆಳೆಯಿತೋ ಸತ್ತಿತೋ ಎಂಬ ಲೆಕ್ಕ ಮೂರನೆಯದು. ನಾಲ್ಕನೆಯದು ಬಿಳಿಚುವಿಕೆ: ನೀರು ಬಿಸಿಯಾದಾಗ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುವುದನ್ನು ಹಿಡಿಯುವುದು. ನಾಲ್ಕಕ್ಕೂ ಒಂದೇ ವಿಧಾನ ಸಾಲುವುದಿಲ್ಲ. ನಾಲ್ಕನ್ನೂ ಮಾಡುತ್ತೇವೆ ಎಂದು ಹೋದ ತಂಡ ಒಂದನ್ನೂ ನೆಟ್ಟಗೆ ಮಾಡದೆ ಬರುವುದೇ ಹೆಚ್ಚು.

ಉಪಗ್ರಹ ಚಿತ್ರ: ಟಿಕೆಟ್ ತೆಗೆಯುವ ಮೊದಲಿನ ಕೆಲಸ

ಯುರೋಪಿನ ಸೆಂಟಿನೆಲ್-2 ಚಿತ್ರಗಳು ಉಚಿತ. ನೀಲಿ, ಹಸಿರು, ಕೆಂಪು, ಹತ್ತಿರದ ಅತಿಗೆಂಪು ಪಟ್ಟಿಗಳಲ್ಲಿ ಒಂದು ಪಿಕ್ಸೆಲ್ ಎಂದರೆ 10 ಮೀಟರ್. ಎರಡು ಉಪಗ್ರಹ ಸೇರಿ ಸುಮಾರು 5 ದಿನಕ್ಕೊಮ್ಮೆ ಅದೇ ಜಾಗದ ಮೇಲೆ ಬರುತ್ತವೆ. ಲಕ್ಷದ್ವೀಪದ ತಿಳಿ ಲಗೂನಿನಲ್ಲಿ 10-15 ಮೀಟರ್ ಆಳದವರೆಗೆ ತಳದ ಬಣ್ಣ ಬೇರ್ಪಡುತ್ತದೆ. ಅಲೆನ್ ಕೋರಲ್ ಅಟ್ಲಾಸ್ ಎಂಬ ಜಾಗತಿಕ ನಕ್ಷೆಯೂ ಉಪಗ್ರಹ ಚಿತ್ರಗಳಿಂದಲೇ ಆದದ್ದು. 2021ರಲ್ಲಿ ಪೂರ್ಣಗೊಂಡಿತು, ಯಾರು ಬೇಕಾದರೂ ಇಳಿಸಿಕೊಳ್ಳಬಹುದು.

ಇದನ್ನು ಮಾಡಲು ಕಾಲೇಜಿನ ಕಂಪ್ಯೂಟರ್ ಲ್ಯಾಬ್ ಸಾಕು. ಮೋಡವಿಲ್ಲದ, ಗಾಳಿ ಕಡಿಮೆ ಇದ್ದ ದಿನದ ಚಿತ್ರ ಆರಿಸಿ, ಅಲೆಗಳ ಮೇಲಿನ ಬಿಸಿಲಿನ ಹೊಳಪನ್ನು ಅತಿಗೆಂಪು ಪಟ್ಟಿಯ ನೆರವಿನಿಂದ ಕಳೆಯಬೇಕು. ಈ ಹೆಜ್ಜೆ ಬಿಟ್ಟರೆ ಹೊಳಪೆಲ್ಲ ಮರಳಾಗಿ ವಿಂಗಡವಾಗುತ್ತದೆ. ಬೇರೆ ಬೇರೆ ಉಬ್ಬರವಿಳಿತದ ಚಿತ್ರಗಳನ್ನು ಹೋಲಿಸಿದರೂ ಇದೇ ಗತಿ: ನೀರಿನ ಆಳ ಬದಲಾದದ್ದು ಹವಳ ಬದಲಾದಂತೆ ಕಾಣುತ್ತದೆ.

ಮಿತಿಯೂ ಸ್ಪಷ್ಟ. 10 ಮೀಟರ್ ಪಿಕ್ಸೆಲ್ಲಿನಲ್ಲಿ ಹವಳ, ಸತ್ತ ಹವಳದ ಮೇಲಿನ ಪಾಚಿ, ಕಲ್ಲಿನ ಚೂರು ಎಲ್ಲ ಕಲಸಿಹೋಗಿರುತ್ತವೆ. ನೇತ್ರಾಣಿಯಂಥ ಕಡಿದಾದ ಬಂಡೆ ದ್ವೀಪದ ಸುತ್ತ ತೇಪೆ ತೇಪೆಯಾಗಿ ಬೆಳೆದ ಹವಳಕ್ಕೆ ಉಪಗ್ರಹದ ಉಪಯೋಗ ಬಹುತೇಕ ಇಲ್ಲ. ಎಲ್ಲಿ ಮುಳುಗಬೇಕು ಎಂದು ತೀರ್ಮಾನಿಸಲು ಉಪಗ್ರಹ ಚಿತ್ರ ಬಳಸಿ. ಹವಳದ ಆರೋಗ್ಯದ ತೀರ್ಪನ್ನು ಅದರಿಂದ ಕೊಡಬೇಡಿ.

ಇದರ ಜೊತೆಗೇ ನೋಡಬೇಕಾದದ್ದು ಅಮೆರಿಕದ ನೋವಾ ಸಂಸ್ಥೆಯ ಕೋರಲ್ ರೀಫ್ ವಾಚ್ ಕೊಡುವ ಶಾಖದ ಲೆಕ್ಕ. ಸಮುದ್ರದ ಮೇಲ್ಮೈ ಎಷ್ಟು ವಾರ, ಎಷ್ಟು ಡಿಗ್ರಿ ಹೆಚ್ಚು ಬಿಸಿಯಾಗಿತ್ತು ಎಂಬುದನ್ನು ಅದು ಒಟ್ಟುಗೂಡಿಸುತ್ತದೆ. ಅಂಕಿ 4 ದಾಟಿದರೆ ಗಣನೀಯ ಬಿಳಿಚುವಿಕೆ, 8 ದಾಟಿದರೆ ತೀವ್ರ ಬಿಳಿಚುವಿಕೆ ಮತ್ತು ಸಾವು ನಿರೀಕ್ಷಿಸಬೇಕು. ಏಪ್ರಿಲ್-ಮೇನಲ್ಲಿ ಈ ಅಂಕಿ ಏರುತ್ತಿದ್ದರೆ ಮಳೆಗಾಲಕ್ಕೆ ಮುನ್ನ ಹೋಗಿ ಬರುವುದೇ ಸರಿ. ಸಮುದ್ರ ಮತ್ತೆ ತೆರೆಯುವಷ್ಟರಲ್ಲಿ ಬಿಳಿಚಿದ ಹವಳ ಒಂದೋ ಚೇತರಿಸಿರುತ್ತದೆ, ಇಲ್ಲವೇ ಪಾಚಿ ಕಟ್ಟಿರುತ್ತದೆ. ಏನಾಯಿತು ಎಂಬುದಕ್ಕೆ ಚಿತ್ರ ಉಳಿದಿರುವುದಿಲ್ಲ.

ಚೌಕಟ್ಟು ಇಟ್ಟು ಫೋಟೊ: ಹೆಚ್ಚಿನ ತಂಡಗಳಿಗೆ ಇದೇ

ಟೇಪು ಹಾಸಿ, ಅದರುದ್ದಕ್ಕೂ ಚೌಕಟ್ಟು ಇಟ್ಟು, ಮೇಲಿನಿಂದ ನೇರ ಕೆಳಗೆ ಫೋಟೊ ತೆಗೆಯುವ ವಿಧಾನ ಹಳೆಯದು, ಅಗ್ಗದ್ದು. ಮೊದಲ ಬಾರಿ ಹೋಗುವವರಿಗೆ ನಮ್ಮ ಸಲಹೆ ಇದೇ.

ಚೌಕಟ್ಟನ್ನು ಇಲ್ಲಿಯ ಯಾವ ಹಾರ್ಡ್‌ವೇರ್ ಅಂಗಡಿಯ ಸಾಮಾನಿನಿಂದಲೂ ಕಟ್ಟಬಹುದು: 20 ಮಿ.ಮೀ. ಪಿವಿಸಿ ಪೈಪು, ಎಲ್ಬೋ, ಟೀ. ಒಳಗಿನ ಅಳತೆ 50×50 ಸೆಂ.ಮೀ. ಇರಲಿ. ನಾಲ್ಕು ಮೂಲೆಯಿಂದ ಕಾಲು ಎಬ್ಬಿಸಿ, ಮೇಲೆ ಕ್ಯಾಮೆರಾ ಕೂರುವ ಪಟ್ಟಿ ಬರಲಿ. ಪೈಪಿನ ಎಲ್ಲ ಭಾಗಕ್ಕೂ 5-6 ಮಿ.ಮೀ. ತೂತು ಕೊರೆಯಲೇಬೇಕು. ಇಲ್ಲದಿದ್ದರೆ ಒಳಗೆ ಗಾಳಿ ನಿಂತು ಚೌಕಟ್ಟು ಡೈವರನ್ನೂ ಸೇರಿಸಿ ಮೇಲಕ್ಕೆ ಎಳೆಯುತ್ತದೆ. ಸಾಲ್ವೆಂಟ್ (ಪೈಪಿನ ಅಂಟು) ಎಲ್ಲ ಕಡೆ ಹಚ್ಚಬೇಡಿ. ಕಾಲುಗಳನ್ನು ಬಿಚ್ಚಲು ಬಂದರೆ ಬಸ್ಸಿನಲ್ಲಿ ಸಾಗಿಸುವುದು ಸುಲಭ.

ಕಾಲಿನ ಎತ್ತರದ ಲೆಕ್ಕದಲ್ಲೇ ಹೆಚ್ಚು ಜನ ಎಡವುವುದು. ಊರಲ್ಲಿ, ಗಾಳಿಯಲ್ಲಿ ಹಿಡಿದು ನೋಡಿ ಎತ್ತರ ನಿಗದಿ ಮಾಡುತ್ತಾರೆ. ನೀರಿನ ವಕ್ರೀಭವನಾಂಕ 1.33, ಚಪ್ಪಟೆ ಗಾಜಿನ ಹಿಂದಿನ ಕ್ಯಾಮೆರಾಕ್ಕೆ ಎಲ್ಲವೂ ಮೂರರಲ್ಲೊಂದು ಭಾಗ ದೊಡ್ಡದಾಗಿ ಕಾಣುತ್ತದೆ, ನೋಟ ಕಿರಿದಾಗುತ್ತದೆ. 24 ಮಿ.ಮೀ. ಸಮಾನದ (ಫುಲ್‌ಫ್ರೇಮ್ ಕ್ಯಾಮೆರಾ ಲೆಕ್ಕದಲ್ಲಿ) ಲೆನ್ಸು ಗಾಳಿಯಲ್ಲಿ 1 ಮೀಟರ್ ದೂರದಿಂದ 1.5 ಮೀಟರ್ ಅಗಲ ಹಿಡಿಯುತ್ತದೆ. ನೀರೊಳಗೆ ಚಪ್ಪಟೆ ಗಾಜಿನ ಹಿಂದಿನಿಂದ ಸುಮಾರು 1 ಮೀಟರ್ ಮಾತ್ರ. 3:2 ಅನುಪಾತದ ಫೋಟೊದ ಚಿಕ್ಕ ಬದಿಗೆ ಅದು 70 ಸೆಂ.ಮೀ. ಆಗುತ್ತದೆ. ಅಂದರೆ 50 ಸೆಂ.ಮೀ. ಚೌಕ ಪೂರ್ತಿ ಬೀಳಲು ಕ್ಯಾಮೆರಾ ಕನಿಷ್ಠ 70 ಸೆಂ.ಮೀ. ಮೇಲಿರಬೇಕು, 80 ಇಟ್ಟರೆ ಅಂಚಿಗೆ ಜಾಗ ಸಿಗುತ್ತದೆ. ಗುಮ್ಮಟದಂಥ ಡೋಮ್ ಗಾಜಿದ್ದರೆ ನೋಟ ಗಾಳಿಯಲ್ಲಿದ್ದಷ್ಟೇ ಉಳಿಯುತ್ತದೆ, ಲೆಕ್ಕ ಬೇರೆ.

50 ಮೀಟರ್ ಟೇಪಿಗೆ ಪ್ರತಿ ಮೀಟರಿಗೊಂದರಂತೆ 50 ಫೋಟೊ. ಒಂದೊಂದರ ಮೇಲೆ ಕಂಪ್ಯೂಟರಿನಲ್ಲಿ 20 ಯಾದೃಚ್ಛಿಕ ಬಿಂದು ಬೀಳಿಸಿ, ಬಿಂದುವಿನಡಿ ಏನಿದೆ ಎಂದು ಗುರುತಿಸಿದರೆ 1000 ಬಿಂದುಗಳಾಗುತ್ತವೆ. ನಿಜವಾದ ಹವಳದ ಹರವು 30% ಇದ್ದರೆ 1000 ಬಿಂದುಗಳ ಅಂದಾಜಿನ ತಪ್ಪು ಹೆಚ್ಚುಕಡಿಮೆ ±3%. 250 ಬಿಂದುಗಳಾದರೆ ±6%ರ ಹತ್ತಿರ. ಇದು ಬಿಂದು ಎಣಿಕೆಯ ತಪ್ಪು ಮಾತ್ರ. ಒಂದು ಟೇಪಿಗೂ ಪಕ್ಕದ ಟೇಪಿಗೂ ಇರುವ ವ್ಯತ್ಯಾಸ ಸಾಮಾನ್ಯವಾಗಿ ಇದಕ್ಕಿಂತ ದೊಡ್ಡದು. ಆದ್ದರಿಂದ ಒಂದೇ ಟೇಪಿನ ಮೇಲೆ ಬಿಂದು ಹೆಚ್ಚಿಸುವ ಬದಲು ಟೇಪುಗಳನ್ನೇ ಹೆಚ್ಚಿಸಿ.

ಮರಳಿ ಅದೇ ಜಾಗ ಹಿಡಿಯುವುದು ಇಲ್ಲಿಯ ಕಷ್ಟ. ಜಿಪಿಎಸ್ ನೀರೊಳಗೆ ಕೆಲಸ ಮಾಡುವುದಿಲ್ಲ. ಬೋಯಾ (ನೀರ ಮೇಲೆ ತೇಲುವ ಗುರುತು) ಕಟ್ಟಿ ಮೇಲೆ ತೆಗೆದುಕೊಂಡ ಸ್ಥಾನವೂ 3-5 ಮೀಟರ್ ಆಚೀಚೆ ಇರುತ್ತದೆ. ಹರವಿನ ಸರಾಸರಿಗೆ ಅಷ್ಟು ನಡೆದೀತು. ಒಂದೇ ಹವಳವನ್ನು ವರ್ಷ ವರ್ಷ ಹೋಲಿಸಲು ನಡೆಯದು. ಅದಕ್ಕೆ ತಳದಲ್ಲಿ ಸ್ಥಿರ ಗುರುತು ಬೇಕು, ಗುರುತು ನೆಡಲು ಲಿಖಿತ ಅನುಮತಿ ಬೇಕು. ದಿಬ್ಬ ಕಟ್ಟುವ ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿವೆ. ಸತ್ತದ್ದು ಎಂದು ಒಂದು ತುಂಡು ಎತ್ತಿಕೊಂಡು ಬಂದರೂ ಅಪರಾಧವೇ. ಲಕ್ಷದ್ವೀಪಕ್ಕಂತೂ ಪ್ರವೇಶ ಪರವಾನಗಿಯೇ ಬೇರೆ. ಈ ಕಾಗದಪತ್ರಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆಂದೇ ಲೆಕ್ಕ ಹಾಕಿ ಹೊರಡಿ.

ವಿಡಿಯೊ ಓಡಿಸಿಕೊಂಡು ಬಂದರೆ ಸಾಲದೇ?

ವೇಗವಾಗಿ ಆಗುತ್ತದೆ, ಕಡಿಮೆ ತರಬೇತಿ ಸಾಕು. ಆದರೆ 4ಕೆ ವಿಡಿಯೊದ ಒಂದು ಫ್ರೇಮು ಸುಮಾರು 8 ಮೆಗಾಪಿಕ್ಸೆಲ್ ಮಾತ್ರ, ಅದೂ ಹಿಂಡಿ ಕುಗ್ಗಿಸಿದ್ದು. ಡೈವರು ಬೇಗ ಈಜಿದರೆ ಎಲ್ಲ ಮಸುಕು. ಜಾತಿಯವರೆಗೆ ಗುರುತಿಸಲು ಆಗುವುದಿಲ್ಲ. ಆಕಾರದ ಮಟ್ಟಕ್ಕೆ, ಅಂದರೆ ಕೊಂಬೆ ಹವಳ, ಗುಂಡು ಹವಳ, ತಟ್ಟೆ ಹವಳ ಎಂಬಷ್ಟಕ್ಕೆ ಸಾಕಾಗುತ್ತದೆ. ಗಾಳಿ ಎದ್ದು ಸಮಯ ಕಡಿಮೆಯಾದ ದಿನದ ಬದಲಿ ಯೋಜನೆಯಾಗಿ ಇಟ್ಟುಕೊಳ್ಳಿ.

ಫೋಟೊಗ್ರಾಮೆಟ್ರಿ: 3-ಡಿ ಮಾದರಿಯ ಆಸೆ

ಒಂದರ ಮೇಲೊಂದು ಹಾಯುವ ನೂರಾರು ಫೋಟೊಗಳಿಂದ ತಳದ ಮೂರು ಆಯಾಮದ ಮಾದರಿ ಮತ್ತು ಮೇಲಿನಿಂದ ನೋಡಿದಂತಹ ಜೋಡಿತ ಚಿತ್ರ ಕಟ್ಟುವುದಿದು. ತಳದ ಏರಿಳಿತ, ಹವಳದ ಗಾತ್ರ, ಒಂದೊಂದರ ಬೆಳವಣಿಗೆ ಎಲ್ಲ ಸಿಗುತ್ತದೆ. ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಇದರ ಮೇಲೆಯೇ ಕಣ್ಣು. ಆಸೆ ಸರಿಯೇ, ಆದರೆ ಸಿಲಿಂಡರಿನ ಲೆಕ್ಕ ಮೊದಲು ಮಾಡಬೇಕು.

10×10 ಮೀಟರಿನ ಒಂದು ತಾಕು ತೆಗೆದುಕೊಳ್ಳೋಣ. ಮೇಲೆ ಹೇಳಿದ ಲೆನ್ಸು, ತಳದಿಂದ 1.5 ಮೀಟರ್ ಎತ್ತರ. ಒಂದು ಫೋಟೊ ಸುಮಾರು 1.5 ಮೀಟರ್ ಅಗಲ, 1 ಮೀಟರ್ ಉದ್ದ ಹಿಡಿಯುತ್ತದೆ. ಪಕ್ಕದ ಸಾಲಿನೊಂದಿಗೆ 70% ಹಾಯಬೇಕೆಂದರೆ ಸಾಲಿನಿಂದ ಸಾಲಿಗೆ 45 ಸೆಂ.ಮೀ. ಅಂತರ, ಅಂದರೆ 23 ಸಾಲು. ಸೆಕೆಂಡಿಗೆ 20 ಸೆಂ.ಮೀ. ವೇಗದಲ್ಲಿ ಈಜಿ, ಸೆಕೆಂಡಿಗೊಂದು ಫೋಟೊ ತೆಗೆದರೆ ಮುಂದಿನ ಫೋಟೊದೊಂದಿಗೆ 80% ಹಾಯುತ್ತದೆ. ಒಂದು ಸಾಲಿಗೆ 50 ಸೆಕೆಂಡು, ತಿರುವು ಸೇರಿ 23 ಸಾಲಿಗೆ 20-25 ನಿಮಿಷ. ಹೊಲದಲ್ಲಿ ಅಡ್ಡ ಕುಂಟೆ ಹೊಡೆದಂತೆ ಅಡ್ಡ ದಿಕ್ಕಿನಲ್ಲೂ ಒಮ್ಮೆ ಹೋಗಲೇಬೇಕು. ಒಂದೇ ದಿಕ್ಕಿನಲ್ಲಿ ತೆಗೆದ ಮಾದರಿ ನಡುವೆ ಬಟ್ಟಲಿನಂತೆ ಬಾಗುತ್ತದೆ. ಅಲ್ಲಿಗೆ 40-50 ನಿಮಿಷ, ಸುಮಾರು 2500 ಫೋಟೊ.

ಈಗ ಗಾಳಿ. 12 ಲೀಟರಿನ ಸಿಲಿಂಡರು 200 ಬಾರ್ ತುಂಬಿದ್ದರೆ 2400 ಲೀಟರ್. 50 ಬಾರ್ ಉಳಿಸಿ ಮೇಲೆ ಬರಬೇಕಾದ್ದರಿಂದ ಬಳಸಲು 1800. ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡುವವರಿಗೆ 10 ಮೀಟರ್ ಆಳದಲ್ಲಿ 40 ಬೇಕು. 45 ನಿಮಿಷಕ್ಕೆ ಮುಗಿಯಿತು. ಅಂದರೆ ಒಂದೇ ಸಿಲಿಂಡರಿನಲ್ಲಿ ತಾಕು, ಗುರುತು ಹಾಸುವುದು, ತೆಗೆಯುವುದು ಎಲ್ಲ ಮುಗಿಯದು. ಹೊಸಬರ ಉಸಿರು ಇನ್ನೂ ಬೇಗ ಹೋಗುತ್ತದೆ. ಅಳತೆ ಪಟ್ಟಿ ಹಾಸುವವರು ಬೇರೆ, ಕ್ಯಾಮೆರಾದವರು ಬೇರೆ ಎಂದು ಕೆಲಸ ಹಂಚಿ, ಇಲ್ಲವೇ ತಾಕನ್ನೇ 5×10ಕ್ಕೆ ಇಳಿಸಿ.

ಮೂಲೆಗಳಲ್ಲಿ 50 ಸೆಂ.ಮೀ. ಉದ್ದದ, ಎರಡೂ ತುದಿಗೆ ಕೋಡ್ ಗುರುತು (ತಂತ್ರಾಂಶ ಗುರುತಿಸಬಲ್ಲ ಮುದ್ರಿತ ಚಿಹ್ನೆ) ಅಂಟಿಸಿದ ನಾಲ್ಕು ಅಳತೆ ಪಟ್ಟಿ ಇರಲಿ. ಪ್ರತಿ ಗುರುತಿನ ಆಳವನ್ನು ಡೈವ್ ಕಂಪ್ಯೂಟರಿನಲ್ಲಿ ಓದಿ ಬರೆದುಕೊಳ್ಳಿ. ಪಟ್ಟಿ ಇಲ್ಲದ ಮಾದರಿ ನೋಡಲು ಚೆಂದ, ಅಳೆಯಲು ಬರದು. ಶಟರ್ 1/250 ಅಥವಾ ಅದಕ್ಕಿಂತ ವೇಗ, ಜೂಮ್ ಮುಟ್ಟಬೇಡಿ, ಫೋಕಸ್ ಒಮ್ಮೆ ಹಿಡಿದು ಬೀಗ ಹಾಕಿ, ಗೋಪ್ರೋ ಆದರೆ ಸ್ಥಿರೀಕರಣ ಬಂದ್ ಮಾಡಿ. ಸ್ಥಿರೀಕರಣ ಪ್ರತಿ ಚಿತ್ರವನ್ನೂ ಬೇರೆ ಬೇರೆಯಾಗಿ ಕತ್ತರಿಸುತ್ತದೆ, ಲೆನ್ಸಿನ ಲೆಕ್ಕ ತಪ್ಪುತ್ತದೆ. 5 ಮೀಟರಿಗಿಂತ ಕಡಿಮೆ ಆಳದಲ್ಲಿ ನಡು ಮಧ್ಯಾಹ್ನ ತೆಗೆಯಬೇಡಿ. ಅಲೆ ಬಿಸಿಲನ್ನು ಬಲೆಯಂತೆ ತಳದ ಮೇಲೆ ಕುಣಿಸುತ್ತದೆ, ತಂತ್ರಾಂಶ ಆ ಬೆಳಕಿನ ಗೆರೆಯನ್ನೇ ವಸ್ತು ಎಂದುಕೊಳ್ಳುತ್ತದೆ. ಮೋಡ ಮುಚ್ಚಿದ ಹೊತ್ತು ಅಥವಾ ಬೆಳಗಿನ ಓರೆ ಬಿಸಿಲು ಒಳ್ಳೆಯದು.

ತಂತ್ರಾಂಶದಲ್ಲಿ ಅಗಿಸಾಫ್ಟ್ ಮೆಟಾಶೇಪ್ ಹಣ ಕೊಟ್ಟು ಕೊಳ್ಳುವಂಥದ್ದು. ಕೋಲ್‌ಮ್ಯಾಪ್, ಮೆಶ್‌ರೂಮ್, ವೆಬ್‌ಓಡಿಎಂ ಉಚಿತ. ಕೋಡ್ ಗುರುತನ್ನು ತಾನೇ ಹುಡುಕಿ ಅಳತೆ ಕೂರಿಸುವ ಸಲೀಸು ಮೆಟಾಶೇಪ್‌ನಲ್ಲಿ ಹೆಚ್ಚು. 2500 ಫೋಟೊಕ್ಕೆ 32 ಜಿಬಿ ರ್‍ಯಾಮ್, ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇದ್ದರೂ ರಾತ್ರಿಯಿಡೀ ಓಡುತ್ತದೆ. ಬೇಸಿಗೆಯಲ್ಲಿ ಕಲಬುರಗಿಯ ಕರೆಂಟನ್ನು ನಂಬಿ ಈ ಕೆಲಸ ಹಚ್ಚಬಾರದು. ಯುಪಿಎಸ್ ಇರಲಿ, ಪ್ರತಿ ಹಂತ ಮುಗಿದ ಕೂಡಲೇ ತಾನಾಗಿ ಉಳಿಸುವಂತೆ ಹೊಂದಿಸಿ.

ಆರ್‌ಒವಿ, 360 ಡಿಗ್ರಿ, ಸೋನಾರ್

ದಾರ ಕಟ್ಟಿ ಇಳಿಸುವ ಜಲಯಂತ್ರ, ಆರ್‌ಒವಿ, ಎಲ್ಲರಿಗೂ ಬೇಕು. ಬ್ಲೂರೋಬಾಟಿಕ್ಸ್‌ನ ಬ್ಲೂಆರ್‌ಒವಿ-2, ಕೊಚ್ಚಿಯ ಐರೋವ್ ಕಂಪನಿಯ ಯಂತ್ರಗಳು ಹೆಸರಾದವು. 30 ಮೀಟರಿಗಿಂತ ಆಳಕ್ಕೆ, ಡೈವರನ್ನು ಇಳಿಸಬಾರದ ಜಾಗಕ್ಕೆ ಇದು ಬೇಕೇ ಬೇಕು. ಆದರೆ 5-15 ಮೀಟರಿನ ದಿಬ್ಬದ ಮೇಲೆ ಒಬ್ಬ ಪಳಗಿದ ಡೈವರು ಇದಕ್ಕಿಂತ ವೇಗ, ಸ್ಥಿರ. ಸೆಳವು ಸೆಕೆಂಡಿಗೆ ಅರ್ಧ ಮೀಟರ್ ಮುಟ್ಟಿದರೆ ಚಿಕ್ಕ ಯಂತ್ರದ ಶಕ್ತಿಯೆಲ್ಲ ನಿಂತಲ್ಲಿ ನಿಲ್ಲಲು ಖರ್ಚು. ದಾರ ಕೊಂಬೆ ಹವಳಕ್ಕೆ ಸುತ್ತಿಕೊಂಡರೆ ಬಿಡಿಸುವಾಗ ಮುರಿಯುವುದು ಹವಳವೇ. ಲಕ್ಷಗಟ್ಟಲೆ ಹಣವಿದ್ದರೆ ಮೊದಲು ತಂಡದವರಿಗೆ ಡೈವ್ ತರಬೇತಿ ಕೊಡಿಸುವುದು ಮೇಲು.

360 ಡಿಗ್ರಿ ಕ್ಯಾಮೆರಾ ಜನರಿಗೆ ತೋರಿಸಲು ಚೆನ್ನ, ಅಳತೆಗೆ ಪೂರಕ ಮಾತ್ರ. ಸೋನಾರ್ ಶಬ್ದದ ಅಲೆ ಕಳಿಸಿ ಅದರ ಪ್ರತಿಧ್ವನಿಯಿಂದ ತಳದ ಆಕಾರ ಕೊಡುತ್ತದೆ, ಜೀವಂತವೋ ಸತ್ತದ್ದೋ ಹೇಳದು. ಆದರೆ ಕೆಸರು ನೀರಿನಲ್ಲಿ ನಡೆಯುವುದು ಅದೊಂದೇ. ನಾರಾಯಣಪುರದ ಬಸವಸಾಗರದಂಥ ಕಡೆ ತಳದ ನಕ್ಷೆ ಬೇಕಾದವರು ಕ್ಯಾಮೆರಾ ಮರೆತು ಸೋನಾರನ್ನೇ ಹಿಡಿಯಬೇಕು.

ಕ್ಯಾಮೆರಾ ಮತ್ತು ಬಣ್ಣ

ಗೋಪ್ರೋ ಹೌಸಿಂಗ್ (ನೀರು ಹೊಗದ ಹೊರಕವಚ) ಇಲ್ಲದೆ 10 ಮೀಟರ್ ಆಳ ತಾಳುತ್ತದೆ, ಹೌಸಿಂಗ್ ಜೊತೆ 60 ಮೀಟರ್. ಒಲಿಂಪಸ್ ಟಿಜಿ-6 ಹಾಗೆಯೇ 15 ಮೀಟರ್, ಹೌಸಿಂಗ್‌ನಲ್ಲಿ 45. ಫೋಟೊಗ್ರಾಮೆಟ್ರಿಗೆ ಗೋಪ್ರೋದ ಅಗಲ ನೋಟ ಮತ್ತು ತಾನಾಗಿ ತೆಗೆಯುವ ಗುಣ ಅನುಕೂಲ. ಚೌಕಟ್ಟಿನ ಫೋಟೊಗೆ ಟಿಜಿಯಂಥ ಕಾಂಪ್ಯಾಕ್ಟ್ ಮೇಲು, ರಾ ಫೈಲ್ (ಕ್ಯಾಮೆರಾ ತಿದ್ದದೆ ಉಳಿಸಿದ ಮೂಲ ಚಿತ್ರ) ಸಿಗುತ್ತದೆ, ಹತ್ತಿರದ ಫೋಕಸ್ ಗಟ್ಟಿ. ಮಿರರ್‌ಲೆಸ್ ಕ್ಯಾಮೆರಾಕ್ಕೆ ಹೌಸಿಂಗ್ ಕೊಳ್ಳುವಾಗ ಹೌಸಿಂಗ್‌ನ ಬೆಲೆ ಕ್ಯಾಮೆರಾವನ್ನೇ ಮೀರುವುದುಂಟು; ನೆರವಿನ ಹಣ ಖಚಿತವಾಗುವವರೆಗೆ ಅದರ ಯೋಚನೆ ಬೇಡ.

ನೀರು ಮೊದಲು ನುಂಗುವುದು ಕೆಂಪನ್ನು. ಮೇಲಿನ 5-10 ಮೀಟರಿನಲ್ಲೇ ಅದು ಬಹುಪಾಲು ಹೋಗಿರುತ್ತದೆ. ಬಿಳಿಚುವಿಕೆಯ ಅಧ್ಯಯನಕ್ಕೆ ಇದೇ ದೊಡ್ಡ ಅಪಾಯ: ತಿಳಿ ಕಂದು ಹವಳ ನೀಲಿ ಬಣ್ಣದ ಫೋಟೊದಲ್ಲಿ ಬಿಳಿಚಿದಂತೆ ಕಾಣುತ್ತದೆ. ಪ್ರತಿ ಆಳದಲ್ಲೂ ಬೂದು ಕಾರ್ಡಿನ ಒಂದು ಫೋಟೊ ತೆಗೆದಿಟ್ಟುಕೊಳ್ಳಿ, ರಾ ಫೈಲ್‌ನಲ್ಲಿ ಬಣ್ಣ ಸರಿಪಡಿಸಬಹುದು. ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಕೋರಲ್‌ವಾಚ್ ಕಾರ್ಡು 1ರಿಂದ 6ರವರೆಗಿನ ಛಾಯೆಗಳನ್ನು ಕೊಡುತ್ತದೆ. ಹವಳದ ಪಕ್ಕ ಹಿಡಿದು ಕಣ್ಣಿನಿಂದಲೇ ಅಂಕಿ ಬರೆದುಕೊಂಡರೆ ಫೋಟೊದ ಬಣ್ಣ ಕೆಟ್ಟರೂ ದಾಖಲೆ ಉಳಿಯುತ್ತದೆ. ದೀಪ ಬಳಸುವುದಾದರೆ ಲೆನ್ಸಿನಿಂದ ದೂರ, ಎರಡು ಬದಿಗೆ ಚಾಚಿ ಕಟ್ಟಿ. ಲೆನ್ಸಿನ ಪಕ್ಕದಲ್ಲೇ ಕಟ್ಟಿದರೆ ನೀರಿನ ಕಣಗಳೆಲ್ಲ ಹೊಳೆದು ಹಿಮ ಬಿದ್ದಂತೆ ಕಾಣುತ್ತದೆ.

ಊರಲ್ಲೇ ಮುಗಿಸಬೇಕಾದ ತಾಲೀಮು

ಈಜುಕೊಳ ಸಾಕು. ಬರಿಯ ಟೈಲ್ಸ್ ನೆಲದ ಮೇಲೆ ಮಾತ್ರ ಫೋಟೊಗ್ರಾಮೆಟ್ರಿ ಪರೀಕ್ಷಿಸಬೇಡಿ. ಒಂದೇ ಥರದ ಚೌಕಗಳು ತಂತ್ರಾಂಶಕ್ಕೆ ಗೊಂದಲ. ಎರಡು ಅಡಿಯ ಶಹಾಬಾದ್ ಪರ್ಸಿ ಕಲ್ಲನ್ನು, ಪಾಲಿಶ್ ಮಾಡದ ಒರಟು ಮೈ ಮೇಲಾಗಿ ಬರುವಂತೆ, ಗೋಣಿಚೀಲ ಹಾಸಿ ಇಳಿಸಿ. ಸುತ್ತ ಇಟ್ಟಿಗೆ, ಹೂಕುಂಡ, ಜಲ್ಲಿ ಇಡಿ. ಕಲ್ಲಿನ ಅಂಚನ್ನು ಮೊದಲೇ ಟೇಪಿನಲ್ಲಿ ಅಳೆದಿಟ್ಟುಕೊಂಡು, ಮಾದರಿಯಲ್ಲಿ ಬಂದ ಅಳತೆಯೊಂದಿಗೆ ತಾಳೆ ನೋಡಿ. ಅರ್ಧ ಮೀಟರಿಗೆ ಅರ್ಧ ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಎಲ್ಲೋ ತಪ್ಪಿದೆ, ಸಮುದ್ರಕ್ಕೆ ಹೊರಡುವ ಮುನ್ನ ಹುಡುಕಿ. (ಆ ಕಲ್ಲೂ ಒಂದು ಕಾಲದ ಆಳವಿಲ್ಲದ ಸಮುದ್ರದ ತಳದ್ದೇ. ಭೀಮಾ ತಪ್ಪಲಿನ ಈ ಸುಣ್ಣಕಲ್ಲು ಹವಳ ಭೂಮಿಗೆ ಬರುವ ಮೊದಲಿನದು, ಅದರೊಳಗೆ ಹವಳದ ಪಳೆಯುಳಿಕೆ ಹುಡುಕಿ ಪ್ರಯೋಜನವಿಲ್ಲ.)

ಶಹಾಬಾದ್, ಸೇಡಂ, ಚಿತ್ತಾಪುರ ಕಡೆಯ ನೀರು ತುಂಬಿದ ಹಳೆಯ ಕಲ್ಲುಗಣಿಗಳು ಮೇಲಿಂದ ತಿಳಿಯಾಗಿ ಕಂಡರೂ ತಾಲೀಮಿಗೆ ಇಳಿಯಬೇಡಿ. ಗೋಡೆ ಕಡಿದು, ಹತ್ತಲು ಅಂಚಿಲ್ಲ, ಅಡಿಯಲ್ಲಿ ಕಬ್ಬಿಣ, ತಂತಿ ಏನಿದೆಯೋ ಕಾಣದು.

ಫೋಟೊ ಗುರುತಿಸುವ ತಾಲೀಮೂ ಇಲ್ಲೇ ಆಗಬೇಕು. ಕೋರಲ್‌ನೆಟ್ ಎಂಬ ಜಾಲತಾಣದಲ್ಲಿ ಒಂದಷ್ಟು ಚಿತ್ರ ಕೈಯಿಂದ ಗುರುತಿಸಿ ಕಲಿಸಿದರೆ ಉಳಿದವನ್ನು ಯಂತ್ರವೇ ಸೂಚಿಸುತ್ತದೆ. ಸಿಪಿಸಿಇ ಕಂಪ್ಯೂಟರಿನಲ್ಲೇ ಓಡುವ ಹಳೆಯ ಉಚಿತ ತಂತ್ರಾಂಶ. ಜೋಡಿತ ಚಿತ್ರದ ಮೇಲೆ ಹವಳದ ಗಡಿ ಎಳೆಯಲು ಟ್ಯಾಗ್‌ಲ್ಯಾಬ್. ಗುಂಪುಗಳ ಪಟ್ಟಿಯನ್ನು ಮೊದಲೇ ನಿಗದಿ ಮಾಡಿ, ವರ್ಷದ ನಡುವೆ ಬದಲಿಸಬೇಡಿ. ಹತ್ತರಲ್ಲೊಂದು ಫೋಟೊವನ್ನು ಇಬ್ಬರು ಬೇರೆ ಬೇರೆಯಾಗಿ ಗುರುತಿಸಲಿ. ಸತ್ತ ಹವಳದ ಮೇಲಿನ ಪಾಚಿ ಮತ್ತು ಬರಿ ಬಂಡೆಯ ಮೇಲಿನ ಪಾಚಿ, ಈ ಎರಡರ ನಡುವೆಯೇ ಜಗಳ ಹೆಚ್ಚು. ತಜ್ಞರು ಬೇಕಿದ್ದರೆ ಬೀದರಿನಲ್ಲಿ ಕೇಂದ್ರವಿರುವ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಮೀನುಗಾರಿಕಾ ಕಾಲೇಜು ಮಂಗಳೂರಿನಲ್ಲಿದೆ. ಅಲ್ಲಿಂದ ಕೇಳುವುದು ದಾರಿ.

ಹಾಗಾದರೆ ಯಾರಿಗೆ ಯಾವುದು

ಹಣವೇ ಇಲ್ಲದ ವಿಭಾಗ ಉಪಗ್ರಹ ನಕ್ಷೆ ಮತ್ತು ಶಾಖದ ಲೆಕ್ಕದಿಂದ ಒಂದು ಪೂರ್ಣ ಪ್ರಬಂಧ ಮಾಡಬಹುದು. ಎರಡು-ಮೂರು ಡೈವರು, ಒಂದು ಕಾಂಪ್ಯಾಕ್ಟ್ ಕ್ಯಾಮೆರಾ ಇದ್ದರೆ ಚೌಕಟ್ಟಿನ ಫೋಟೊ, ನೇತ್ರಾಣಿ. ಪ್ರತಿ ವರ್ಷ ಅದೇ ತಿಂಗಳು ಹೋಗುವುದು ಖಚಿತವಿದ್ದರೆ ಮಾತ್ರ ಅದರ ಮೇಲೆ ಎರಡು-ಮೂರು ಸ್ಥಿರ ತಾಕಿನ ಫೋಟೊಗ್ರಾಮೆಟ್ರಿ ಸೇರಿಸಿ. ಒಂದೇ ಸಲ ಹೋಗಿ ಬರುವವರಿಗೆ 3-ಡಿ ಮಾದರಿಯಿಂದ ಸಿಗುವುದು ಪೋಸ್ಟರಿಗೆ ಒಂದು ಚಿತ್ರ.

ಹೊರಡುವಾಗ ಹೌಸಿಂಗ್‌ನ ಓ-ರಿಂಗ್ (ನೀರು ತಡೆಯುವ ರಬ್ಬರ್ ಬಳೆ) ಬಿಚ್ಚಿ ಕೂದಲು, ಮರಳು ಒರೆಸಿ, ತೆಳುವಾಗಿ ಸಿಲಿಕೋನ್ ಗ್ರೀಸ್ ಹಚ್ಚಿ. ಗ್ರೀಸ್ ಹೆಚ್ಚಾದರೆ ಅದೇ ಮರಳು ಹಿಡಿಯುತ್ತದೆ. ಕರಾವಳಿಯ ತೇವದ ಗಾಳಿಯಲ್ಲಿ ಹೌಸಿಂಗ್ ಮುಚ್ಚಿದರೆ ನೀರಿಗಿಳಿದ ಮೇಲೆ ಒಳಗಾಜು ಮಂಜಾಗುತ್ತದೆ. ಎಸಿ ಕೋಣೆಯಲ್ಲಿ ಮುಚ್ಚಿ, ಒಳಗೆ ಒಣ ಸಿಲಿಕಾ ಜೆಲ್ ಇಡಿ. ವಿಮಾನದಲ್ಲಿ ಬಿಡಿ ಲಿಥಿಯಂ ಬ್ಯಾಟರಿ ಕೈಚೀಲದಲ್ಲೇ ಇರಬೇಕು. ಮೇ ತಿಂಗಳ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಅವನ್ನು ಬಿಡಬೇಡಿ. ಮರಳಿ ಬಂದ ಮೇಲೆ ಸಾಮಾನನ್ನು ಸಿಹಿನೀರಿನಲ್ಲಿ ನೆನೆಸಿ ತೊಳೆಯುತ್ತೀರಿ, ಸರಿ. ಆದರೆ ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ಒಣಗಿದ ಮೇಲೆ ಗಾಜಿನ ಮೇಲೆ ಸುಣ್ಣದ ಬಿಳಿ ಕಲೆ ನಿಲ್ಲುತ್ತದೆ. ಕೊನೆಯ ತೊಳೆತ ಆರ್‌ಒ ನೀರಿನಲ್ಲಿ ಮಾಡಿ, ಮೆತ್ತನೆಯ ಬಟ್ಟೆಯಿಂದ ಒರೆಸಿ, ಓ-ರಿಂಗ್ ಬಿಚ್ಚಿಟ್ಟು ನೆರಳಲ್ಲಿ ಒಣಗಿಸಿ.